ಬನವ್ವನ ಕಿವಿಯ ಪಕ್ಕದ ಡಬ್ಬಿ

ನಾನು ಒಂದು ಸ್ಪೀಕರ್ ಡಬ್ಬಿ. ಈಗಿನ ಹುಡುಗರು ಮೂಗು ಮುರಿಯುವಷ್ಟು ಹಳೆಯವನು. ಬನಹಟ್ಟಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಮೈಬೂಬಸಾಬರು ಮುರಿದ ಕೈಮಗ್ಗದ ಹಲಗೆ ಕೊಯ್ದು ನನ್ನ ಮೈ ಮಾಡಿದರು. ಪೇಟೆಯಿಂದ ತಂದ ದುಂಡನೆಯ ಸ್ಪೀಕರನ್ನು ಹೊಟ್ಟೆಯಲ್ಲಿ ಕೂರಿಸಿದರು. ಹೀಗಾಗಿ ಮೈ ನೇಕಾರರದು, ಗಂಟಲು ಪರವೂರಿನದು. ಮೊದಲ ಸಲ ದನಿ ಬಂದಾಗ ಸಾಬರು ಬೀಡಿ ಕೆಳಗಿಟ್ಟು, ‘ಭೇಷ್, ಮಾತಾಡತೈತಿ ಮಗಾ’ ಅಂದರು. ಆ ಹೊಗಳಿಕೆಯ ಸೊಕ್ಕು ಬಹಳ ದಿನ ಇತ್ತು.

ಸೊಕ್ಕು ಇಳಿಸಿದ್ದು ಪವರ್‌ಲೂಮ್ ಶೆಡ್ಡು. ಅದರ ಮಾಲೀಕರು ನನ್ನನ್ನು ಕೊಂಡು, ರೇಡಿಯೊಗೆ ಜೋಡಿಸಿ ಗೋಡೆಗೆ ತೂಗುಹಾಕಿದರು. ಕೆಲಸದವರು ಹಾಡು ಕೇಳುತ್ತ ನೇಯಲಿ ಎಂದು ಅವರ ಆಸೆ. ಮಗ್ಗಗಳು ಖಟಾಖಟ್ ಶುರುವಿಟ್ಟರೆ ಮುಗಿಯಿತು, ನಾನು ಗಂಟಲು ಹರಿದುಕೊಂಡರೂ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಅಲ್ಲಿನ ಜನ ಬಾಯಿ ನೋಡಿ ಮಾತು ತಿಳಿಯುವವರು. ಈ ತುದಿಯಲ್ಲಿ ಒಬ್ಬ ‘ಚಾ ಬಂತೇನು?’ ಎಂದು ತುಟಿ ಆಡಿಸಿದರೆ ಆ ತುದಿಯಿಂದ ಇನ್ನೊಬ್ಬಳು ತುಟಿಯಲ್ಲೇ ಬೈಯುತ್ತಿದ್ದಳು. ಬೈಯುವುದರಲ್ಲಿ ಬನವ್ವನದು ಎತ್ತಿದ ಕೈ. ನನ್ನ ಕೆಳಗೇ ಕೂತು ಕಂಡಿಕಿಗೆ, ಅಂದರೆ ಲಾಳಿಯೊಳಗಿನ ಸಣ್ಣ ಕೋಲಿಗೆ, ನೂಲು ಸುತ್ತುತ್ತಿದ್ದಳು. ಹರೆಯದಲ್ಲಿ ಬಂದವಳು ತಲೆ ನರೆಯುವವರೆಗೂ ಅಲ್ಲೇ ಇದ್ದಳು. ಅಷ್ಟು ವರ್ಷ ಪಕ್ಕದಲ್ಲಿದ್ದೂ ನನ್ನ ಒಂದು ಹಾಡೂ ಅವಳ ಕಿವಿಗೆ ಬೀಳಲಿಲ್ಲ. ಆ ಬೇಸರ ನನಗೆ ಉಳಿದೇ ಇತ್ತು.

ಮಾಲೀಕರು ಮಗ್ಗ ಮಾರಿ ಶೆಡ್ಡು ಮುಚ್ಚಿದ ದಿನ ಬನವ್ವ ನನ್ನನ್ನು ಕೇಳಿ ಪಡೆದು, ಸೆರಗಿನಿಂದ ಒರೆಸಿ ಮನೆಗೆ ತಂದಳು. ‘ಈ ಹೆಣಾ ಎದಕ ತಂದಿ ಯವ್ವಾ?’ ಎಂದ ಮಗ ಈರಣ್ಣ. ‘ನನ್ನ ಜೋಡಿ ದುಡದೈತಿ, ಇರಲಿ ಬಿಡು’ ಎಂದಳು ಅವಳು. ಹೀಗೆ ನಾನು ಅಡುಗೆಮನೆಯ ಅಟ್ಟ ಸೇರಿ ಹಳೇ ಪಾತ್ರೆಗಳ ಸಂಗ ಹಿಡಿದೆ.

ಅಟ್ಟದಿಂದ ಮನೆಯೆಲ್ಲ ಕಾಣುತ್ತಿತ್ತು. ಸಂಜೆ ರೊಟ್ಟಿ ಬಡಿದು ಮುಗಿದ ಮೇಲೆ ಬನವ್ವ, ಸೊಸೆ ಸುವರ್ಣಾ ಇಬ್ಬರೂ ಟಿವಿ ಮುಂದೆ ಕೂತು ಧಾರಾವಾಹಿಯ ಅತ್ತೆಗೆ ಶಾಪ ಹಾಕುತ್ತಿದ್ದರು. ಹಗಲಿನ ಜಗಳವೆಲ್ಲ ಅಲ್ಲಿ ಕರಗಿಹೋಗುತ್ತಿತ್ತು. ಆಮೇಲೆ ಈರಣ್ಣ ಗೋಡೆಗೆ ನೇತುಹಾಕುವ ತೆಳ್ಳನೆಯ ಟಿವಿ ತಂದ. ಚಿತ್ರವೇನೋ ಕನ್ನಡಿಯಂತಿತ್ತು. ದನಿ ಮಾತ್ರ ಬೆನ್ನ ಕಡೆಯಿಂದ ಹೊರಟು ಗೋಡೆಗೆ ಮೊರೆಯಿಡುತ್ತಿತ್ತು. ಅದೇ ದಿನಗಳಲ್ಲಿ ಅವರ ಮೆಚ್ಚಿನ ಧಾರಾವಾಹಿ ಮುಗಿದು ಹೊಸದೊಂದು ಶುರುವಾಯಿತು. ಬನವ್ವ ಸ್ವಲ್ಪ ದಿನ ನೋಡಿದಳು. ಒಂದು ಸಂಜೆ ನಡುವೆಯೇ ಎದ್ದುಹೋಗಿ ಹಿತ್ತಲ ಕಟ್ಟೆಯ ಮೇಲೆ ಕೂತಳು. ಮರುದಿನದಿಂದ ಟಿವಿಯ ಹತ್ತಿರ ಸುಳಿಯಲಿಲ್ಲ. ಸೊಸೆ ಹಿಂದಿನಿಂದ ಕರೆದರೆ ತಿರುಗಿಯೂ ನೋಡಲಿಲ್ಲ.

ಓಣಿಯ ಬಾಯಿಗೆ ಇಷ್ಟು ಸಾಕಲ್ಲ! ‘ಸೊಸಿ ಏನರ ಅಂದಿರಬೇಕು’ ಎಂದು ಆಡಿಕೊಂಡರು. ಈರಣ್ಣನೂ ಹೆಂಡತಿಯ ಮೇಲೆ ಹರಿಹಾಯ್ದ. ಪಾಪ, ಸುವರ್ಣಾ ಏನೂ ಅಂದಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಕೆಳಗೇ, ಒಲೆಯ ಮುಂದೆ, ಅತ್ತೆಯ ಎದುರಿಗೆ ಕೂತು ಅತ್ತಳು.

‘ನಾ ಏನ್ ತಪ್ಪ ಮಾಡೇನಿ ಹೇಳ್ರಿ ಅತ್ತಿ. ನನ್ನ ಮಗ್ಗಲಕ ಕುಂದ್ರೂದೂ ಬ್ಯಾಡಾತೇನು?’

ಬನವ್ವ ಅವಳ ಬಾಯಿಯನ್ನೇ ನೋಡುತ್ತಿದ್ದಳು. ‘ನಿಂದೇನಿಲ್ಲ ಸುವರ್ಣಾ. ನನ್ನ ತಲಿ ಕೆಟ್ಟೈತಿ. ಆ ಟಿವಿಯೊಳಗ ಅವರ ಬಾಯಿ ಒಂದು ಅಂತೈತಿ, ನನ್ನ ಕಿವ್ಯಾಗ ಮತ್ತೊಂದು ಗುಣುಗುಣು ಅಂತೈತಿ. ಹುಚ್ಚ ಹಿಡಿಯೂದು ಹಿಂಗ ಇರತೈತೇನೊ. ಈರಣ್ಣಗ ಹೇಳಬ್ಯಾಡ.’

ಸುವರ್ಣಾ ಅಳುತ್ತಲೇ ನಕ್ಕುಬಿಟ್ಟಳು. ‘ಅಯ್ಯ ಅತ್ತಿ, ಅದು ಹಿಂದಿ ಧಾರಾವಾಹಿರಿ! ಅವರ ಬಾಯಿ ಹಿಂದಿ, ಮ್ಯಾಲ ಕನ್ನಡ ಹಚ್ಯಾರ. ಅದಕ್ಕ ಕೂಡೂದಿಲ್ಲ!’ ಎಂದವಳು, ಅತ್ತೆಯ ಕಣ್ಣು ತನ್ನ ತುಟಿಯ ಮೇಲೇ ನೆಟ್ಟಿರುವುದನ್ನು ಕಂಡಳು. ಅತ್ತೆ ಇಷ್ಟು ವರ್ಷ ಟಿವಿಯನ್ನೂ, ತನ್ನನ್ನೂ ಬಾಯಿ ನೋಡಿಯೇ ಕೇಳುತ್ತಿದ್ದಳೆಂದು ಆಗ ಹೊಳೆಯಿತು. ಕರೆದರೆ ತಿರುಗದಿದ್ದದ್ದು ಸೆಡವಿನಿಂದಲ್ಲ. ಅವಳ ಕಿವಿಯನ್ನು ಮಗ್ಗಗಳು ಎಂದೋ ತಿಂದು ತೇಗಿದ್ದವು.

ಗುಟ್ಟು ಸಂಜೆಯ ತನಕ ಉಳಿಯಲಿಲ್ಲ. ಈರಣ್ಣ ಹೆಂಡತಿಗೆ ತಾನೇ ಚಹಾ ಮಾಡಿ ಕೊಟ್ಟ. ತಪ್ಪಾಯಿತು ಅನ್ನುವುದು ಅವನ ಬಾಯಿಗೆ ಬರುವ ಮಾತಲ್ಲ. ಆಮೇಲೆ ನನ್ನನ್ನು ಅಟ್ಟದಿಂದ ಇಳಿಸಿದ. ಹಣ್ಣುಮುದುಕರಾದ ಮೈಬೂಬಸಾಬರು ಬಂದು, ‘ಇನ್ನೂ ಅದಿಯೇನೊ!’ ಎಂದು ನನ್ನ ಬೆನ್ನು ತಟ್ಟಿ, ಸಣ್ಣ ಆಂಪ್ಲಿಫೈಯರ್ ಒಂದರ ಮೂಲಕ ಟಿವಿಗೆ ಜೋಡಿಸಿದರು. ಈರಣ್ಣ ಟಿವಿ ಕೆಳಗಿನ ಗೂಡಿನಲ್ಲಿ ನನ್ನನ್ನು ತುರುಕಿ ದನಿ ಏರಿಸಿದ. ಗೂಡೆಲ್ಲ ಗುಂಯ್ ಎಂದಿತು. ವಾದ್ಯಗಳು ಮಾತನ್ನು ನುಂಗಿದವು. ಪಕ್ಕದ ಮನೆಯವರು ಜಗಳಕ್ಕೆ ಬಂದರು. ಬನವ್ವ ಮತ್ತೆ ಹಿತ್ತಲಿಗೆ ಹೊರಟಳು. ಜೋರು ಮಾಡಿದರೆ ಮಾತು ತಿಳಿಯುವುದಿಲ್ಲ ಎಂಬುದು ಶೆಡ್ಡಿನಲ್ಲಿ ಬಾಳಿದ ನನಗೆ ಗೊತ್ತಿತ್ತು. ಆದರೆ ನಾನು ಇನ್ನೊಬ್ಬರ ಮಾತು ಆಡಬಲ್ಲೆನೇ ಹೊರತು ನನ್ನದನ್ನಲ್ಲ.

ಸುವರ್ಣಾ ಅತ್ತೆಯ ಕೈ ಹಿಡಿದು ನಿಲ್ಲಿಸಿದಳು. ಸಾಬರಿಂದ ತಂತಿ ಉದ್ದ ಮಾಡಿಸಿ, ನನ್ನನ್ನು ಅತ್ತೆಯ ಮಂಚದ ಪಕ್ಕ ಒಂದು ಸ್ಟೂಲಿನ ಮೇಲೆ, ಸರಿಯಾಗಿ ಕಿವಿಯ ಎತ್ತರಕ್ಕೆ ಇಟ್ಟಳು. ಆಂಪ್ಲಿಫೈಯರಿನ ಬೇಸ್, ಅಂದರೆ ದಪ್ಪ ದನಿ, ಪೂರಾ ಇಳಿಸಿದಳು. ದನಿಯನ್ನೂ ತಗ್ಗಿಸಿದಳು. ಗುಂಯ್‌ಗುಡುವುದು ನಿಂತು ಮಾತು ಒಂದೊಂದೇ ಬಿಡಿಬಿಡಿಯಾಗಿ ಬಂತು. ಬನವ್ವ ಕತ್ತು ವಾಲಿಸಿದಳು. ತೆರೆಯ ಮೇಲಿನ ತುಟಿಗಳು ಮತ್ತೆ ಗೊಂದಲ ಎಬ್ಬಿಸಿದವೋ ಏನೋ, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ತೆರೆಯದೆಯೇ, ‘ಈ ಅತ್ತಿ ನಾಲಿಗಿಗೆ ಹುಳಾ ಬೀಳಲಿ!’ ಎಂದಳು. ಅದೇ ಶಾಪಕ್ಕೆ ಸುವರ್ಣಾಳೂ ಬಾಯಿ ತೆರೆದಿದ್ದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗಾದ ಸಂತೋಷ ಹೇಳತೀರದು.

ಈಗ ನನಗೂ ವಯಸ್ಸಾಗಿದೆ. ಎದೆಯ ಕಾಗದ ಹರಿದಲ್ಲಿ ಸುವರ್ಣಾ ಅಂಟು ಹಚ್ಚಿದ್ದಾಳೆ. ಮನೆಗೆ ಬಂದವರು ಕಣ್ಣು ಮುಚ್ಚಿ ಕೂತ ಬನವ್ವನನ್ನು ಕಂಡು, ನಿದ್ದೆ ಹತ್ತಿದೆಯೆಂದು ಟಿವಿ ಆರಿಸಲು ಹೋಗುತ್ತಾರೆ. ‘ಏ, ನಾ ನೋಡಾಕತ್ತೀನಿ!’ ಎಂದು ಗದರುತ್ತಾಳೆ.

ಮೊನ್ನೆ ಟಿವಿಯಲ್ಲಿ ಒಂದು ಹಳೆಯ ಹಾಡು ಬಂತು. ಶೆಡ್ಡಿನಲ್ಲಿ ಎಷ್ಟೋ ಸಲ ಹಾಡಿದ್ದೇನೆ ಅದನ್ನು. ‘ಇದು ನಿಮ್ಮ ಶೆಡ್ಡಿನ್ಯಾಗ ಬರತಿತ್ತೇನ್ರಿ ಅತ್ತಿ?’ ಎಂದು ಸುವರ್ಣಾ ಕೇಳಿದಳು.

ಬನವ್ವ ನನ್ನ ತಲೆಯ ಮೇಲೆ ಕೈ ಇಟ್ಟು ಹಾಡು ಮುಗಿಯುವ ತನಕ ಕೇಳಿದಳು.

‘ಈ ಡಬ್ಬಿ ಆಗ ಹಾಡಿರಬೇಕವಾ. ನನಗ ಇವತ್ತ ಮುಟ್ಟಿತು.’