ಉಡುದಾರದ ಬೀಗದ ಕೈ

ಊರಿನ ಹಿರಿಯ ಸಣ್ಣಬೀರಯ್ಯ ಕುಡುಗೋಲಿನ ತುದಿಗೆ ಸಿಕ್ಕಿಸಿ ಉಡುದಾರ ಹರಿದಾಗ ಏನೋ ಠಣ್ಣೆಂದು ಕಲ್ಲಿನ ಮೇಲೆ ಬಿತ್ತು. ಕಾಂತರಾಜನ ಹೆಣಕ್ಕೆ ನೀರು ಹುಯ್ಯುತ್ತಿದ್ದವರು ಚೊಂಬು ಹಿಡಿದಂತೆಯೇ ನಿಂತರು. ಬಿದ್ದದ್ದು ಒಂದು ಬೀಗದ ಕೈ.

"ಅಂಗ್ಡೀದು," ಎಂದು ತಂಗಿ ಭಾಗ್ಯಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಇಟ್ಟುಕೊಂಡಳು.

ಅಣ್ಣನಿಗೆ ಬೆಂಗಳೂರಿನಲ್ಲಿ ಬೋರ್ಡು ಬರೆಯುವ ಅಂಗಡಿಯಿದೆ ಎಂದು ಹನಗೋಡಿಗೆಲ್ಲ ಸಾರಿದವಳು ಅವಳೇ. ಕಣ್ಣಾರೆ ಕಂಡಿರಲಿಲ್ಲ, ಅದೊಂದೇ ಕೊರಗು. ಮಣ್ಣು ಮುಗಿದ ಮೇಲೆ ತಾನೇ ಹೋಗಿ ಬಾಗಿಲು ತೆಗೆಯಬೇಕು, ಅಲ್ಲೊಂದು ದೀಪ ಹಚ್ಚಬೇಕು, ಅವನ ಬ್ರಷ್ಷುಗಳನ್ನು ತಂದು ತಿಥಿಯ ಎಡೆಗಿಡಬೇಕು ಎಂದು ಆಗಲೇ ಎಣಿಕೆ ಹಾಕಿದ್ದಳು.

*

ಹಬ್ಬಕ್ಕೆ ಬಂದಾಗಲೆಲ್ಲ ಅವನ ಉಗುರಿನ ಸಂದಿಯಲ್ಲಿ ಬಣ್ಣವಿರುತ್ತಿತ್ತು. ಅವಳು ಸೀಮೆಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಮೂರು ವರ್ಷದಿಂದ ಬರುವುದೂ ನಿಂತು, ಪ್ರತಿ ಸೋಮವಾರ ಸಂಜೆಯ ಫೋನಷ್ಟೇ ಉಳಿದಿತ್ತು. ಮಾತು ಮುಗಿಯುವ ಹೊತ್ತಿಗೆ ದಡದಡ ಶಟರ್ ಎಳೆಯುವ ಸದ್ದು.

"ನಮ್ ಅಂಗ್ಡಿ ಬಾಗ್ಲು ಕಣವ್ವ," ಎನ್ನುತ್ತಿದ್ದ.

ಒಮ್ಮೆ ಬಂದು ನೋಡುತ್ತೇನೆಂದರೆ ಮಾತ್ರ ಬಣ್ಣದ ವಾಸನೆ ನಿನಗಾಗದು ಎಂದು ಮಾತು ಹಾರಿಸುತ್ತಿದ್ದ.

*

ಹೆಣ ತಂದಿದ್ದ ಶಶಿಕುಮಾರ್ ಪಿರಿಯಾಪಟ್ಟಣದವನು, ಅಣ್ಣನ ಜೊತೆ ಬೋರ್ಡು ಬರೆದವನು. ಅಂಗಡಿಗೆ ಹೋಗುವ ದಾರಿ ಹೇಳಪ್ಪ ಎಂದು ಭಾಗ್ಯಮ್ಮ ಕೇಳಿದ್ದಕ್ಕೆ ಅವನು ತಲೆಯೆತ್ತಲಿಲ್ಲ.

"ಅಂಗ್ಡಿ ಹೋಗಿ ಮೂರು ವರ್ಷ ಆಯ್ತು ಕಣಕ್ಕ."

ಅವನು ತಡವರಿಸುತ್ತ ಎಲ್ಲ ಹೇಳಿದ. ಬೀದಿ ತುಂಬ ದೊಡ್ಡ ಜನರ ಕಾಫಿ ಹೋಟೆಲುಗಳು ಬಂದವಂತೆ, ಬಾಡಿಗೆ ಒಂದಕ್ಕೆ ನಾಲ್ಕಾಯಿತಂತೆ. ‘ಬಾಡಿಗೆಗೆ ಇದೆ’ ಎಂಬ ಬೋರ್ಡನ್ನು ಮಾಲೀಕ ಕಾಂತರಾಜನ ಕೈಯಲ್ಲೇ ಬರೆಸಿದನಂತೆ. ಅಲ್ಲೂ ಕಾಫಿ ಹೋಟೆಲಿಟ್ಟ ಹೊಸಬರು ಗೋಡೆ ಒಡೆದರೂ ಹಳೆಯ ಶಟರ್ ಮಾತ್ರ ಉಳಿಸಿಕೊಂಡರಂತೆ, ಅದರ ಮೇಲಿನ ಅಕ್ಷರ ಚೆಂದವೆಂದು.

"ಮತ್ತೆ ಈ ಬೀಗದ್ ಕೈ?"

"ಅಲ್ಲೇ ವಾಚ್‌ಮನ್ ಆಗಿದ್ದ. ಬಾಗ್ಲು ತೆಗ್ಯೋದು, ಹಾಕೋದು. ಮಲಗ್ತಿದ್ದುದೂ ಅದ್ರ ಮೆಟ್ಲು ಮ್ಯಾಲೇ. ಇವತ್ತು ಬೆಳಿಗ್ಗೆ ಎದ್ದಿಲ್ಲ."

ಅವನು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಶಟರಿನ ಮೇಲೆ ದುಂಡಗೆ ‘ಕಾಂತು ಆರ್ಟ್ಸ್’. ಅದರ ಮುಂದೆ ನಗುತ್ತಿರುವ ಇಬ್ಬರು ಹುಡುಗಿಯರು. ಪಕ್ಕದಲ್ಲಿ, ಫೋಟೋಗೆ ಅಡ್ಡವಾಗದಂತೆ ಸರಿದು ನಿಂತ ನೀಲಿ ಅಂಗಿಯವನು ಒಬ್ಬ. ಒಡಹುಟ್ಟಿದವಳಿಗೇ ಗುರುತು ಹತ್ತಲು ಎರಡು ಸಲ ನೋಡಬೇಕಾಯಿತು.

ಅಷ್ಟರಲ್ಲಿ ಆ ಮೊಬೈಲೇ ಹೊಡೆದುಕೊಂಡಿತು. ಹೋಟೆಲಿನವರು. ಬೆಳಗಿನಿಂದ ಶಟರ್ ತೆಗೆಯಲಾಗಿಲ್ಲ, ಬೀಗದ ಕೈ ಎಲ್ಲಿ ಎಂದು ಕೇಳುತ್ತಿದ್ದರು.

ಸಣ್ಣಬೀರಯ್ಯ ಕೈ ಚಾಚಿದ. "ಕೊಟ್ ಬುಡವ್ವ. ಓಗೋನ ಮೈಮ್ಯಾಲೆ ಉಡುದಾರನೂ ಬುಡಬಾರ್ದು."

ಭಾಗ್ಯಮ್ಮ ಕೊಡಲಿಲ್ಲ.

"ನಮ್ಮಣ್ಣ ಅಂಗ್ಡಿ ಬಾಗ್ಲು ಹಾಕವ್ನೆ ಅಂತ ಹೇಳು, ಶಶಿ."

ಹೆಣದ ಪಕ್ಕ ಕುಳಿತು ಅಣ್ಣನ ಬಲಗೈ ಎತ್ತಿಕೊಂಡಳು. ಬೀಗದ ಕೈಯನ್ನು ಅಂಗೈಯಲ್ಲಿಟ್ಟು, ಬಗ್ಗಲೊಲ್ಲದ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಉಗುರಿನ ಸಂದಿಯಲ್ಲಿ ಎಲ್ಲಿಯೂ ಬಣ್ಣವಿರಲಿಲ್ಲ.