ಸುಲಭದ ಕೆಲಸ

ಇಂಗ್ಲೆಂಡಿನ ನಾಯಿಗಳು ಕಾಫಿ ಗಿಡದ ಬುಡ ಕಡಿಯುತ್ತವೆ ಎಂದು ಫಹಮೀದಾ ಮೊದಲ ಸಲ ಹೇಳಿದಾಗ ಸಕಲೇಶಪುರದಲ್ಲಿ ನಗದವರೇ ಇರಲಿಲ್ಲ. ಮೊದಲು ನಕ್ಕವನು ಅವಳ ಗಂಡ ಖಲಂದರ್. ಪಿಕಪ್ ಗಾಡಿ ಇಟ್ಟುಕೊಂಡು ಹೆತ್ತೂರು, ಹಾನುಬಾಳಿನ ತೋಟಗಳಿಗೆ ಗೊಬ್ಬರ ಹೊಡೆಯುತ್ತಿದ್ದ ಆಸಾಮಿ ಅವನು. ತೋಟದವರು ಹಳೇ ಗಿಡ ಕಿತ್ತರೆ ಬುಡ ನೀರೊಲೆಗೆ ಹೋಗುವುದನ್ನು ಬಿಟ್ಟು ಬೇರೇನನ್ನೂ ಕಂಡವನಲ್ಲ. "ನಾಯಿಗೇ ಸೌದೆ ಹಾಕ್ತಾರೆ ಅಂದ್ರೆ ಆ ದೇಶದಲ್ಲಿ ಮನುಷ್ರಿಗೆ ಏನ್ ಹಾಕ್ತಾರೆ ಮಾರಾಯ್ತಿ?" ಎಂದಿದ್ದ.

ಇದು ಆರು ವರ್ಷದ ಹಿಂದಿನ ಮಾತು. ಈಗ ಅದೇ ಖಲಂದರ್ ತೋಟ ತೋಟ ಸುತ್ತಿ ಬುಡ ತರುತ್ತಾನೆ, ಔಷಧಿ ಹೊಡೆದ ಗಿಡವೋ ಅಲ್ಲವೋ ಎಂದು ವಿಚಾರಿಸಿ ತರುತ್ತಾನೆ, ಮತ್ತು ಇದೆಲ್ಲ ತನ್ನ ತಲೆಯಲ್ಲೇ ಹುಟ್ಟಿದ್ದು ಎಂಬಂತೆ ಬಸ್ ಸ್ಟ್ಯಾಂಡಿನಲ್ಲಿ ಮಾತಾಡುತ್ತಾನೆ. ಗಂಡಸರ ಈ ಗುಣ ಗೊತ್ತಿದ್ದೇ. ಫಹಮೀದಾ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಾಯಿಗಳು ಕಚ್ಚಿ ಅಗಿಯುವ ಕೋಲು ಮಾಡುವ ಫಹಮೀದಾಳ ಕೆಲಸ ನಡೆಯುವುದು ಊರಾಚೆಯ ಒಂದು ಹಳೇ ಕಾಫಿ ಗೋಡೌನಿನಲ್ಲಿ. ಗರಗಸದ ಮಿಷನ್ನಿನ ಮುಂದೆ ನಿಂತು ಧರ್ಮ ಎಂಬಾತ ಬುಡಗಳನ್ನು ಗೇಣುದ್ದ ಕತ್ತರಿಸುತ್ತಾನೆ. ಸಿಪ್ಪೆ ತೆಗೆದು ಒಣಗಿಸಿದ ಮೇಲೆ ಆ ಕೋಲುಗಳು ಆರು ಜನ ಹೆಂಗಸರ ಮುಂದೆ ಬಂದು ಬೀಳುತ್ತವೆ. ಅವರು ಸ್ಯಾಂಡ್ ಪೇಪರ್ ಹಿಡಿದು ಉಜ್ಜಿ ಉಜ್ಜಿ ನುಣುಪು ಮಾಡುತ್ತಾರೆ. ಕಾಫಿ ಮರ ಗಟ್ಟಿ, ಬೇರೆ ಮರದ ಹಾಗೆ ಸುಲಭವಾಗಿ ಸಿಬಿರು ಏಳುವುದಿಲ್ಲ; ಅದಕ್ಕೇ ನಾಯಿಗೆ ಒಳ್ಳೆಯದು. ಆದರೆ ಗಂಟು ಇರುವ ಕಡೆ ಒಂದೊಂದು ಸಿಬಿರು ಕಳ್ಳನ ಹಾಗೆ ಅಡಗಿ ಕೂತಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ.

ಅದು ಸಿಗುವುದು ಮಾದೇವಮ್ಮನಿಗೆ. ಅರವತ್ತರ ಹತ್ತಿರದ ಹೆಂಗಸು, ಆ ಆರು ಜನರಲ್ಲಿ ಹಿರಿಯಳು. ಉಜ್ಜಿ ಮುಗಿದ ಪ್ರತಿ ಕೋಲನ್ನೂ ಅವಳು ಕೆನ್ನೆಗೆ ಒಮ್ಮೆ ಸವರುತ್ತಾಳೆ. ಬಾಯಲ್ಲಿ ಅಡಿಕೆ, ಮಾತು ಪಕ್ಕದ ಗುರುಶಾಂತಮ್ಮನ ಜೊತೆ, ಕೆನ್ನೆ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಸರಿಯಿದ್ದರೆ ಬುಟ್ಟಿಗೆ, ಇಲ್ಲದಿದ್ದರೆ ವಾಪಸ್ ಉಜ್ಜಿದವರ ಮಡಿಲಿಗೆ. ಫಹಮೀದಾ ಒಂದು ವರ್ಷ ಇದನ್ನು ಕಲಿಯಲು ನೋಡಿ ಸೋತಳು. ಹಿಂದೊಮ್ಮೆ ಮಗಳ ಬಾಣಂತನಕ್ಕೆಂದು ಮಾದೇವಮ್ಮ ಒಂದು ತಿಂಗಳು ಆಲೂರಿಗೆ ಹೋದಾಗ ಇಲ್ಲಿಂದ ಕಳಿಸಿದ ಪೆಟ್ಟಿಗೆಯ ಕೋಲು ಕಡಿದು ಮೂರು ನಾಯಿಗಳ ವಸಡು ಹರಿದು ದೂರು ಬಂದಿತ್ತು. ಆಮೇಲೆ ಆ ಕೆನ್ನೆ ದಾಟದ ಒಂದು ಕೋಲೂ ಗೋಡೌನಿನಿಂದ ಹೊರಗೆ ಹೋಗಿಲ್ಲ.

ಇಲ್ಲಿಯ ಕೋಲನ್ನೆಲ್ಲ ಕೊಳ್ಳುವವಳು ಇಂಗ್ಲೆಂಡಿನ ಒಬ್ಬಳು. ಅವಳಿಗೆ ಒಂದು ಹೆಸರಿದೆ, ಆದರೆ ಗೋಡೌನಿನಲ್ಲಿ ಎಲ್ಲರೂ ಕರೆಯುವುದು ನಾಯಿ ಮೇಡಂ ಎಂದೇ. ಆನ್‌ಲೈನ್ ಅಂಗಡಿ ಇಟ್ಟವಳು. ಮೊದಲು ಅವಳಿಗೆ ಐರ್ಲೆಂಡ್, ಫ್ರಾನ್ಸ್ ಎಲ್ಲ ಪಕ್ಕದ ಬೀದಿಯಿದ್ದ ಹಾಗೆ; ಅಲ್ಲಿಯವರು ಫೋನಿನಲ್ಲಿ ಒತ್ತಿದರೆ ಮೂರನೇ ದಿನ ಕೋಲು ಬಾಗಿಲಿಗೆ. ಆಮೇಲೆ ಬ್ರಿಟನ್ ದೇಶ ಯುರೋಪಿನ ಒಕ್ಕೂಟದಿಂದ ಹಿಸ್ಸೆ ಮಾಡಿಕೊಂಡು ಹೊರಗೆ ಬಂತು. ಬ್ರೆಕ್ಸಿಟ್ ಎಂದು ಪೇಪರಿನಲ್ಲಿ ಬಂದಾಗ ಸಕಲೇಶಪುರದಲ್ಲಿ ಅದನ್ನು ಓದಿದವರೆಷ್ಟೋ! ಓದಿದವರೂ ಇದು ನಮ್ಮೂರ ಗೋಡೌನಿನ ಬಾಗಿಲಿಗೆ ಬರುತ್ತದೆ ಎಂದುಕೊಂಡಿರಲಿಲ್ಲ.

ಬಂತು, ನಿಧಾನಕ್ಕೆ ಬಂತು. ಐರ್ಲೆಂಡಿನ ಒಬ್ಬಳು ಅಜ್ಜಿ ತನ್ನ ನಾಯಿಗೆ ಒಂದೇ ಒಂದು ಕೋಲು ತರಿಸಿದಳಂತೆ. ಕೊರಿಯರಿನವನು ಬಾಗಿಲಲ್ಲಿ ನಿಂತು ತೆರಿಗೆ, ಅದರ ಮೇಲೆ ತನ್ನ ಕೂಲಿ ಎಂದು ಕೇಳಿದ್ದು ಕೋಲಿನ ಬೆಲೆಗಿಂತ ಜಾಸ್ತಿ. ಅಜ್ಜಿಗೆ ರೇಗಿತು, ಬೇಡ ಹೋಗಪ್ಪ ಎಂದಳು. ಕೋಲು ಸಮುದ್ರ ದಾಟಿ ವಾಪಸ್. ಇಂಥವು ಒಂದಲ್ಲ, ನೂರಾರು. ಮೇಡಂ ಆಗ ಒಂದೊಂದೇ ಕಳಿಸುವುದು ಬಿಟ್ಟು ಐರ್ಲೆಂಡಿನ ನಾಲ್ಕು ಅಂಗಡಿಗಳಿಗೆ ಪೆಟ್ಟಿಗೆಗಟ್ಟಲೆ ಕಳಿಸತೊಡಗಿದಳು. ಅಲ್ಲಿ ಗಡಿಯವರು ಇನ್ನೊಂದು ತಕರಾರು ತೆಗೆದರು: ಇದು ಯಾವ ದೇಶದ ಮಾಲು? ಬ್ರಿಟನ್ನಿನದಾದರೆ ಸುಂಕವಿಲ್ಲದೆ ಬರಲಿ. ಇಂಡಿಯಾದ್ದನ್ನು ಬ್ರಿಟನ್ನಿಗೆ ತಂದು ಅಲ್ಲಿಂದ ನಮಗೆ ದಾಟಿಸುವುದಾದರೆ ಮತ್ತೆ ಸುಂಕ ಕಟ್ಟಲಿ. ಸುಂಕಕ್ಕಿಂತ ಅದರ ಕಾಗದಪತ್ರದ ಖರ್ಚೇ ಮೇಡಂನ ಸೊಂಟ ಮುರಿಯುತ್ತಿತ್ತು.

ಮೊನ್ನೆ ನವೆಂಬರಿನಲ್ಲಿ ಅವಳ ಮೇಲ್ ಬಂತು. ಒಳ್ಳೆಯ ಹೆಂಗಸು, ನಯವಾಗಿಯೇ ಬರೆದಿದ್ದಳು. ಜನವರಿಯಿಂದ ಕೋಲುಗಳನ್ನು ಉಜ್ಜದೆ ಹಾಗೇ ಒರಟಾಗಿ ಕಳಿಸಿ. ಇಲ್ಲಿ ಒಂದು ಮಿಷನ್ ಹಾಕಿ ಇಬ್ಬರನ್ನಿಟ್ಟು ನಾವೇ ನುಣುಪು ಮಾಡಿಕೊಳ್ಳುತ್ತೇವೆ. ಹಾಗೆ ಮಾಡಿದರೆ ಅದು ಬ್ರಿಟನ್ನಿನ ಮಾಲಾಗುತ್ತದೆ, ಸುಂಕದ ಕಾಟ ತಪ್ಪುತ್ತದೆ ಎಂದು ನಮ್ಮ ಸಲಹೆಗಾರರು ಹೇಳಿದ್ದಾರೆ. ನಿಮಗೂ ಕೆಲಸ ಕಡಿಮೆಯಾಗುತ್ತದಲ್ಲ!

ಕೆಲಸ ಕಡಿಮೆಯಾಗುವುದು ಒಳ್ಳೆಯ ಸುದ್ದಿ ಎಂದು ತಿಳಿಯುವುದಕ್ಕೆ ಬೇರೆಯೇ ದೇಶದಲ್ಲಿ ಹುಟ್ಟಿರಬೇಕು. ಫಹಮೀದಾ ಫೋನ್ ಕೆಳಗಿಟ್ಟು ಹೆಂಗಸರ ಕಡೆ ನೋಡಿದಳು. ಆರು ಜನವೂ ತೋಟದಲ್ಲಿ ದುಡಿದು ಮಂಡಿ ಸವೆಸಿಕೊಂಡವರು. ಇಳಿಜಾರಿನಲ್ಲಿ ನಿಂತು ಹಣ್ಣು ಕುಯ್ಯುವುದು ಅವರಿಂದ ಇನ್ನು ಆಗದ ಮಾತು. ಕೂತು ಮಾಡುವ ಕೂಲಿ ಎಂಬುದು ಈ ಸೀಮೆಯಲ್ಲಿ ಇದ್ದರೆ ಇದೊಂದೇ. ಗರಗಸಕ್ಕೆ ಧರ್ಮ ಸಾಕು, ಗಾಡಿಗೆ ಖಲಂದರ್ ಸಾಕು. ಮನೆಗೆ ಹೋಗಬೇಕಾದವರು ಈ ಆರು ಜನ. ಫಹಮೀದಾ ಎರಡು ದಿನ ಯಾರಿಗೂ ಬಾಯಿ ಬಿಡಲಿಲ್ಲ.

ಮೂರನೇ ದಿನ ಯೋಗಾನಂದ ಬಂದರು. ಹಾನುಬಾಳಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. ಬೆಳಿಗ್ಗೆ ಆಳು ಲೆಕ್ಕ ಹಾಕಿ, ಯಾರು ಯಾವ ಕೆಲಸ ಮಾಡಿದರೆಂದು ಮಸ್ಟರ್ ಪುಸ್ತಕದಲ್ಲಿ ಬರೆದು ಬರೆದು ರಿಟೈರ್ ಆದವರು. ಈಗ ವಾರಕ್ಕೊಮ್ಮೆ ಬಂದು ಫಹಮೀದಾಳ ರಫ್ತಿನ ಕಾಗದಗಳನ್ನು ನೋಡಿಕೊಡುತ್ತಾರೆ. ಅಚ್ಚಾದದ್ದು ಏನೇ ಸಿಗಲಿ, ಮಾತ್ರೆಯ ಚೀಟಿಯಾದರೂ ಸರಿ, ಕೊನೆಯ ಸಾಲಿನ ತನಕ ಓದದೆ ಬಿಡುವ ಜಾತಿಯಲ್ಲ.

ಮೇಲ್ ಓದಿ ಅವರು ಕನ್ನಡಕ ತೆಗೆದರು. "ಉಜ್ಜಿದ ಮಾತ್ರಕ್ಕೆ ದೇಶ ಬದ್ಲಾಗುತ್ತೇನಮ್ಮ?"

"ಅವರ ಸಲಹೆಗಾರರು ಹಂಗೆ ಹೇಳವ್ರಂತೆ ರೈಟ್ರೇ."

"ಸಲಹೆಗಾರರು ಓದಿರಲ್ಲ ಕಣಮ್ಮ, ಯಾರೋ ಹೇಳಿದ್ದನ್ನ ಹೇಳಿರ್ತಾರೆ. ನಾನು ಮಸ್ಟರ್ ಬರೆದೋನು. ಕೆಲಸದ ಲೆಕ್ಕ ಇರೋ ಕಡೆ, ಯಾವ್ದು ಕೆಲಸ ಅಲ್ಲ ಅನ್ನೋದ್ರ ಪಟ್ಟಿನೂ ಇದ್ದೇ ಇರುತ್ತೆ. ನಮ್ ಎಸ್ಟೇಟಲ್ಲಿ ಇತ್ತು. ಗಿಡದಿಂದ ಕುಯ್ದ್ರೆ ಕೆಲಸ, ಕೆಳಗೆ ಉದುರಿದ್ದು ಆಯ್ದ್ರೆ ಹಗುರ ಕೆಲಸ, ಅರ್ಧ ಹಾಜರಿ, ಅರ್ಧ ಕೂಲಿ. ಅಷ್ಟು ದೊಡ್ಡ ಒಪ್ಪಂದ ಮಾಡ್ಕೊಂಡೋರು ಅಂಥ ಪಟ್ಟಿ ಹಾಕ್ದೆ ಬಿಟ್ಟಿರ್ತಾರಾ? ಆ ಒಪ್ಪಂದ ಕಂಪ್ಯೂಟರಲ್ಲಿ ಸಿಗುತ್ತಾ ನೋಡಿ."

ಸಿಕ್ಕಿತು. ಸಾವಿರ ಪುಟದ ಮೇಲಿತ್ತು. ಫಹಮೀದಾಳ ಎದೆ ಒಡೆದೇಹೋಯಿತು, ಯೋಗಾನಂದರ ಮುಖ ಮಾತ್ರ ಹೋಳಿಗೆ ಕಂಡವರ ಹಾಗೆ ಅರಳಿತು. ಬ್ರಿಟನ್ನೂ ಯುರೋಪೂ ಕೂತು ಬರೆದುಕೊಂಡ ಆ ಒಪ್ಪಂದವನ್ನು ಅವರು ನಾಲ್ಕು ದಿನ ಗೋಡೌನಿನ ಮೂಲೆಯಲ್ಲಿ ಕೂತು ಓದಿದರು. ಮೀನಿನ ಪುಟಗಳನ್ನೂ ಬಿಡಲಿಲ್ಲ. ಯಾವ ಸಮುದ್ರದಲ್ಲಿ ಯಾರು ಎಷ್ಟು ಮೀನು ಹಿಡಿಯಬೇಕೆಂದು ನಡುನಡುವೆ ಧರ್ಮನಿಗೆ ವರದಿ ಒಪ್ಪಿಸಿದರು. ಐದನೇ ದಿನ ಬೆಳಿಗ್ಗೆ ಬೆರಳಿಟ್ಟು ತೋರಿಸಿದರು.

ಪಟ್ಟಿ ಇತ್ತು. ಇಷ್ಟು ಮಾತ್ರ ಮಾಡಿದರೆ ಮಾಲಿನ ದೇಶ ಬದಲಾಗುವುದಿಲ್ಲ ಎಂಬ ಪಟ್ಟಿ. ತೊಳೆಯುವುದು, ಇಸ್ತ್ರಿ ಹಾಕುವುದು, ಚೀಲಕ್ಕೆ ತುಂಬುವುದು, ಚೀಟಿ ಅಂಟಿಸುವುದು. ಅವುಗಳ ನಡುವೆ, ಬಣ್ಣ ಬಳಿಯುವ, ನುಣುಪು ಮಾಡುವ ಸುಲಭದ ಕೆಲಸ. ಎಂದರೆ ಮೇಡಂ ಹತ್ತು ಮಿಷನ್ ಹಾಕಿ ಉಜ್ಜಿದರೂ ಕೋಲು ಇಂಡಿಯಾದ್ದೇ. ಅವಳ ಖರ್ಚು ದಂಡ.

"ನಿಮ್ ಬಾಯಿಗೆ ಸಕ್ರೆ ಹಾಕ್ಬೇಕು ರೈಟ್ರೇ!" ಎಂದು ಫಹಮೀದಾ ಕೂಗಿಯೇಬಿಟ್ಟಳು. ಆ ಹೊತ್ತೇ ಮೇಡಂಗೆ ಬರೆದಳು. ಯೋಗಾನಂದರು ಹೇಳಿಕೊಟ್ಟ ಇನ್ನೊಂದು ಮಾತನ್ನೂ ಸೇರಿಸಿದಳು: ಐರ್ಲೆಂಡಿನ ಪೆಟ್ಟಿಗೆಗಳನ್ನು ಬ್ರಿಟನ್ನಿಗೆ ತರಿಸುವುದೇ ಬೇಡ, ಇಲ್ಲಿಂದ ನೇರವಾಗಿ ಐರ್ಲೆಂಡಿಗೇ ಹಡಗು ಹತ್ತಿಸುತ್ತೇವೆ, ಎರಡು ಸಲದ ಸುಂಕ, ಕಾಗದ ಒಂದೇ ಸಲಕ್ಕೆ ಮುಗಿಯುತ್ತದೆ.

ಮೇಡಂನ ಉತ್ತರ ಎರಡೇ ದಿನದಲ್ಲಿ ಬಂತು. ಐರ್ಲೆಂಡಿಗೆ ನೇರ ಕಳಿಸುವುದು ಒಪ್ಪಿಗೆ, ಫ್ರಾನ್ಸಿನ ಸಣ್ಣಪುಟ್ಟ ಮಾಲು ಮಾತ್ರ ಬ್ರಿಟನ್ನಿನಿಂದಲೇ ಹೋಗಬೇಕು. ಪಟ್ಟಿಯನ್ನೂ ಸಲಹೆಗಾರರಿಗೆ ತೋರಿಸಿದ್ದಾಳೆ. ಆದರೆ ಅವರು ಬಿಟ್ಟುಕೊಡುತ್ತಿಲ್ಲ. ಆ ಪಟ್ಟಿಯಲ್ಲಿ ಸುಲಭ ಎಂದರೆ ವಿಶೇಷ ಕೌಶಲವಾಗಲಿ, ಅದಕ್ಕೆಂದೇ ಮಾಡಿದ ಯಂತ್ರವಾಗಲಿ ಬೇಡದ ಕೆಲಸ ಎಂದು ಅರ್ಥ. ನಿಮ್ಮ ಕೋಲಿನ ಕೆಲಸಕ್ಕೆ ಕೌಶಲ ಬೇಕೆಂದಾದರೆ ಅದು ಸುಲಭದ್ದಲ್ಲ. ಆಗ ನಾವು ಇಲ್ಲೇ ಮಾಡಿ ಬ್ರಿಟನ್ನಿನ ಮಾಲು ಎಂದು ಕೇಳಿನೋಡಬಹುದು ಎನ್ನುತ್ತಾರೆ. ಆದ್ದರಿಂದ ನಿಮ್ಮಲ್ಲಿ ಉಜ್ಜುವ ಕೆಲಸ ಎಂಥದು, ಅದಕ್ಕೆ ವಿಶೇಷ ಕೌಶಲ ಬೇಕೋ ಬೇಡವೋ, ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಮಾಡಿ ಕಳಿಸಿ. ಬೇಡ ಎಂದಾದರೆ ನಾನು ಮಿಷನ್ನಿನ ಯೋಚನೆ ಬಿಡುತ್ತೇನೆ.

ಫಹಮೀದಾ ಅದನ್ನು ಎರಡು ಸಲ ಓದಿದಳು. ಬೇಕು ಎಂದು ಬರೆದರೆ ಆರು ಜನ ಮನೆಗೆ. ಬೇಡ ಎಂದು ಬರೆದರೆ ಕೆಲಸ ಉಳಿಯುತ್ತದೆ.

"ಬೇಡ ಅಂತ ಬರ್ದು ಬಿಸಾಕಿ," ಎಂದರು ಯೋಗಾನಂದ.

"ಸುಳ್ಳಾಗಲ್ವಾ ರೈಟ್ರೇ?"

"ಮಸ್ಟರಲ್ಲಿ ಬರೆದಿದ್ದು ಸುಳ್ಳೂ ಅಲ್ಲ, ನಿಜಾನೂ ಅಲ್ಲ ಕಣಮ್ಮ. ಅದು ಮಸ್ಟರ್ ಅಷ್ಟೆ."

ಅವರು ಅಷ್ಟು ಸಲೀಸಾಗಿ ಹೇಳಿದ್ದು ಫಹಮೀದಾಳಿಗೆ ಹಿಡಿಸಲಿಲ್ಲ. ಒಂದು ವರ್ಷ ಕೆನ್ನೆ ಕೆಂಪು ಮಾಡಿಕೊಂಡು ಸೋತವಳು ಅವಳು. ಅದಕ್ಕೆ ಕೌಶಲ ಬೇಡ ಎಂದು ತಾನೇ ಬರೆಯುವುದೆಂದರೆ? ಬಚ್ಚಿಟ್ಟು ಬರೆದು ಕಳಿಸಬಹುದಿತ್ತು, ಇಂಗ್ಲಿಷ್ ಕಾಗದವನ್ನು ಆ ಆರು ಜನರಲ್ಲಿ ಯಾರೂ ಓದುವವರಲ್ಲ. ಹಾಗೆ ಮಾಡಲು ಮನಸ್ಸು ಬರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಹೆಂಗಸರು ಮತ್ತೆ ಕೆಲಸಕ್ಕೆ ಕೂತಾಗ ಅವರ ನಡುವೆ ಹೋಗಿ ಕೂತಳು. ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಹಿಸ್ಸೆ, ಸುಂಕ, ಅಜ್ಜಿಯ ಕೋಲು, ಮಿಷನ್ನು, ಪಟ್ಟಿ, ಕೊನೆಗೆ ಈ ಕಾಗದ.

ಅಜ್ಜಿಯ ಕಥೆಗೆ ಎಲ್ಲರೂ ನಕ್ಕರು. ಮಿಷನ್ ಎಂದಾಗ ನಗು ನಿಂತಿತು. ಕೊನೆಯದನ್ನು ಕೇಳಿ ಗುರುಶಾಂತಮ್ಮ ಕೈಯಲ್ಲಿದ್ದ ಕೋಲನ್ನು ನೆಲಕ್ಕೆ ಕುಕ್ಕಿದಳು. "ಕೌಸಲ ಬ್ಯಾಡ್ವಂತಾ? ಆ ಮೇಡಮ್ಮುನ್ನ ಕರ್ಕಬಂದು ಇಲ್ಲಿ ಕೂರ್ಸಿ, ಒಂದಿನ ಉಜ್ಲಿ!"

ಮಾದೇವಮ್ಮ ಮೂಲೆಯಲ್ಲಿದ್ದ ಯೋಗಾನಂದರ ಕಡೆ ತಿರುಗಿದಳು. ಅವಳು ತೋಟದ ಕೂಲಿ ಲೈನಿನ ಮನೆಯಲ್ಲಿದ್ದ ಕಾಲದಲ್ಲಿ ಅವಳ ಹಾಜರಿ, ಎಷ್ಟೋ ದಿನ ಅರ್ಧ ಹಾಜರಿ, ಬರೆದ ಕೈ ಅದೇ.

"ಅಲ್ಲೂ ಒಬ್ರು ರೈಟ್ರು ಅವ್ರೆ ಅನ್ನಿ," ಎಂದಳು.

ಯೋಗಾನಂದರು ಕನ್ನಡಕ ಒರೆಸಿಕೊಳ್ಳತೊಡಗಿದರು. ಅದರಲ್ಲಿ ಧೂಳೇನೂ ಇರಲಿಲ್ಲ. "ಮಾದೇವಮ್ಮ, ಆವಾಗ ಧಣಿಗಳು ಹೇಳಿದ ಪಟ್ಟಿ ಅದು, ನಂದೇನಿತ್ತು..." ಎಂದರು.

"ನಿಮ್ಮುನ್ನ ಅಂದಿದ್ದಲ್ಲ ಬುಡಿ," ಎಂದಳು ಅವಳು. ಅಂದದ್ದು ಅವರನ್ನೇ ಎಂದು ಗೋಡೌನಿನಲ್ಲಿ ಎಲ್ಲರಿಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು.

ಫಹಮೀದಾ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಬರೆಯತೊಡಗಿದಳು. ಕೋಲು ಇಂಥ ಮರದ್ದು, ಇಷ್ಟುದ್ದದ್ದು, ಕೈಯಲ್ಲೇ ಉಜ್ಜುತ್ತೇವೆ, ಇದಕ್ಕೆಂದು ಯಾವ ಯಂತ್ರವೂ ಇಲ್ಲ. ಅಲ್ಲಿವರೆಗೆ ನಿಜವೇ ಆಗಿದ್ದರಿಂದ ಬೆರಳು ಸರಾಗವಾಗಿ ಓಡಿತು. ಮುಂದಿನ ಸಾಲಿಗೆ ಬಂದು ನಿಂತಿತು. ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಮೇಡಂ ಮೇಲಲ್ಲ, ಒಪ್ಪಂದದ ಮೇಲೂ ಅಲ್ಲ. ಆ ಸಾಲನ್ನು ಬರೆಯದೆ ಈ ಆರು ಜನರಿಗೆ ಅನ್ನ ಉಳಿಸುವ ದಾರಿ ತನಗೆ ತೋಚುತ್ತಿಲ್ಲವಲ್ಲ ಎಂದು.

"ಯಾಕ್ ಫಹಮೀದಮ್ಮ, ನಿಲ್ಸ್‌ಬುಟ್ರಿ?" ಮಾದೇವಮ್ಮ ಕೇಳಿದಳು.

"ಇದುನ್ನ ಹೆಂಗ್ ಬರೀಲಿ ಮಾದೇವಕ್ಕ? ನೀವು ಮಾಡೋದು ಕೆಲಸವೇ ಅಲ್ಲ ಅಂದಂಗಾಗುತ್ತೆ."

ಮಾದೇವಮ್ಮ ಮುಂದಿದ್ದ ರಾಶಿಯಿಂದ ಇನ್ನೊಂದು ಕೋಲು ಎತ್ತಿಕೊಂಡಳು. ಗಂಟಿನ ಹತ್ತಿರ ಸ್ಯಾಂಡ್ ಪೇಪರ್ ಇಟ್ಟು, ಒತ್ತದೆ, ಆತುರವಿಲ್ಲದೆ ಉಜ್ಜತೊಡಗಿದಳು.

"ಬರೀರಿ, ಅದ್ಕೇನಂತೆ. ನನ್ ಕೈಗೆ ಓದಕ್ಕೆ ಬರಲ್ಲ."