ಅವತ್ತು ಜೀಪು ಯಾಕೆ ಚಾಲೂ ಆಗಲಿಲ್ಲ

ಗಾಡಿ ರಿಪೇರಿಯ ದಾದಾಪೀರ್ ಮೇಸ್ತ್ರಿ ಕೊಟ್ಟೂರಿನಿಂದ ಹರಪನಹಳ್ಳಿ ಸೀಮೆಯ ಅರಸೀಕೆರೆಗೆ ಬಂದದ್ದು ಒಂದು ಹಳೆಯ ಜೀಪು ನೋಡಲಿಕ್ಕೆ. ಎಳೆದುಕೊಂಡು ಹೋಗಲು ಟ್ರ್ಯಾಕ್ಟರನ್ನೂ ತಂದಿದ್ದ. ಅಂದರೆ ಬಿಟ್ಟು ಹೋಗುವ ಮನಸ್ಸು ಅವನಿಗೆ ಇರಲಿಲ್ಲ. ಆದರೂ ಕೊಳ್ಳುವವರ ಧರ್ಮ ಅಂತ ಒಂದಿದೆಯಲ್ಲ, ಜೀಪಿನ ಸುತ್ತ ಮೂರು ಸುತ್ತು ಹಾಕಿ ಮೂಗು ಮುರಿದ. ತಗಡಿಗೆ ತುಕ್ಕು ಹಿಡಿದಿದೆ, ಟೈರು ಸೀಳಿವೆ, ಸೀಟಿನೊಳಗೆ ಇಲಿಗಳು ಸಂಸಾರ ಹೂಡಿವೆ ಎಂದ. ಆಮೇಲೆ ಕೆಳಗೆ ಮಲಗಿ, ಮುಂದಿನ ಗಾಲಿಗಳಿಗೆ ಹೋಗುವ ಶಾಫ್ಟನ್ನು ಕೈಯಿಂದ ತಿರುಗಿಸಿದವನು ಹೊರಗೆ ಬರುವಾಗ ನಗುತ್ತಿದ್ದ. ನಾಲ್ಕೂ ಗಾಲಿಗೆ ಎಳೆತ ಇರುವ ಜೀಪು ಆ ಸೀಮೆಯಲ್ಲಿ ಕೈಗೆ ಸಿಗುವುದೇ ಅಪರೂಪ. ಇದರ ಪೆಟ್ರೋಲ್ ಎಂಜಿನ್ ಕಿತ್ತು ಗುಜರಿಗೆ ಹಾಕಿ ಡೀಸೆಲ್ ಎಂಜಿನ್ ಕೂಡ್ರಿಸಿದರೆ ತಂಬ್ರಹಳ್ಳಿಯ ಎರೆಹೊಲದ ಕೆಸರಿನಲ್ಲೂ ಓಡೀತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುವುದು ಇಂಥದ್ದಕ್ಕೇ.

ಜೀಪಿನ ಯಜಮಾನನ ತಮ್ಮ ಗವಿಸಿದ್ದೇಶ ಗೋಡೆಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದ. ಜೀಪು ಬೇಗ ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು ಅವನಿಗೆ. ವ್ಯವಹಾರ ಬಗೆಹರಿಯಿತು. ಮೇಸ್ತ್ರಿ ಟ್ರ್ಯಾಕ್ಟರಿನಿಂದ ಸರಪಳಿ ಇಳಿಸುತ್ತಿದ್ದಾಗ ಕಟ್ಟೆಯ ಮೇಲೆ ಕೂತಿದ್ದ ಅಣ್ಣ ಸೋಮಶೇಖರ ಎದ್ದು ಬಂದ.

"ಮೇಸ್ತ್ರಿ, ಒಯ್ಯೋ ಮುಂಚೆ ಒಂದು ಕೆಲಸ ಮಾಡ್ರಿ. ಅವತ್ತು ಇದು ಯಾಕ ಚಾಲೂ ಆಗಲಿಲ್ಲ, ಬಿಚ್ಚಿ ನೋಡಿ ಹೇಳ್ರಿ."

"ನಾಕು ವರ್ಷದ ಮಾತು ಈಗ್ಯಾಕ್ರಿ ಸೋಮಣ್ಣ? ನಾ ಹೆಂಗೂ ಎಂಜಿನ್ ಕಿತ್ತು ಒಗಿಯಾವ."

"ಅದಕ್ಕ ಕೇಳಾಕತ್ತೀನಿ. ಗುಜರಿಗೆ ಹೋದಮ್ಯಾಲೆ ನಾ ಯಾರನ್ನ ಕೇಳಲಿ?"

ಗವಿಸಿದ್ದೇಶ ಗೋಡೆ ಬಿಟ್ಟು ನೆಟ್ಟಗೆ ನಿಂತ. ನಾಲ್ಕು ವರ್ಷ ಅಣ್ಣ ಈ ಜೀಪಿಗೆ ಯಾರನ್ನೂ ಕೈ ಹಚ್ಚಗೊಟ್ಟಿರಲಿಲ್ಲ. ಕೊನೆಗೂ ಮಾರಲು ಒಪ್ಪಿದಾಗ, ಇನ್ನು ಮುಗಿಯಿತು ಎಂದು ಗವಿಸಿದ್ದೇಶ ನಿಟ್ಟುಸಿರು ಬಿಟ್ಟಿದ್ದ. ಮುಗಿದಿರಲಿಲ್ಲ.

ನಡೆದದ್ದು ಹೀಗೆ. ತೊಂಬತ್ತಾರರ ಮಾಗಿಯ ಚಳಿಯಲ್ಲಿ, ಇನ್ನೂ ಹೊತ್ತು ಹುಟ್ಟುವ ಮೊದಲು, ಸೋಮಶೇಖರನ ಹೆಂಡತಿ ಪುಷ್ಪಲತಾ ಬಣವೆಯಿಂದ ಮೇವು ಹಿರಿಯಲು ಹೋಗಿದ್ದಳು. ಮುಂಗೈಗೆ ಹಾವು ಕಚ್ಚಿತು. ಅವಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂಡ್ರಿಸಿ ಸೋಮಶೇಖರ ಚಾವಿ ತಿರುಗಿಸಿದ. ಎಂಜಿನ್ ನರಳಿತೇ ಹೊರತು ಹತ್ತಿಕೊಳ್ಳಲಿಲ್ಲ. ಚೋಕ್ ಎಳೆದ, ಮತ್ತೆ ಎಳೆದ. ಬ್ಯಾಟರಿ ಸೋತಮೇಲೆ ಅಣ್ಣತಮ್ಮ ಇಬ್ಬರೂ ಕೂಡಿ ಓಣಿಯ ಉದ್ದಕ್ಕೂ ನೂಕಿದರು. ಹೀಗೆ ಅರ್ಧ ಗಂಟೆ ಹೋಯಿತು. ಅಷ್ಟರಲ್ಲಿ ಯಾರದೋ ಟ್ರ್ಯಾಕ್ಟರು ಸಿಕ್ಕಿತು, ಆದರೆ ಹರಪನಹಳ್ಳಿ ಇನ್ನೂ ಎರಡು ಮೈಲಿ ಇದೆ ಎನ್ನುವಾಗ ಅವಳ ಉಸಿರು ನಿಂತಿತು.

ಗಾಬರಿಯಲ್ಲಿ ಚೋಕ್ ಎಳೆದು ಎಳೆದು ಎಂಜಿನ್ನಿಗೆ ಪೆಟ್ರೋಲ್ ಕುಡಿಸಿ ಕೆಡಿಸಿದೆ, ಹೆಂಡತಿಯನ್ನು ನಾನೇ ಕೊಂದೆ ಎಂದು ಸೋಮಶೇಖರ ನಂಬಿದ್ದ. ತಾಲ್ಲೂಕಿನಲ್ಲೇ ಒಳ್ಳೆಯ ಡ್ರೈವರ್ ಎನಿಸಿಕೊಂಡವನು ಆವತ್ತಿನಿಂದ ಯಾವ ಸ್ಟೇರಿಂಗನ್ನೂ ಮುಟ್ಟಲಿಲ್ಲ. ಸಂತೆಗೆ ಬಸ್ಸಿನಲ್ಲಿ ಹೋದ. ಬಸ್ಸು ತಪ್ಪಿದರೆ ನಡೆದ. ಮರುಮದುವೆಯ ಮಾತು ತೆಗೆದವರಿಗೆ, "ಒಬ್ಬಾಕಿನ್ನ ಕಳದಾವಗ ಇನ್ನೊಬ್ಬಾಕಿನ್ನ ಯಾರು ಕೊಡ್ತಾರ" ಎಂದುಬಿಡುತ್ತಿದ್ದ.

ನಿಜ ಗೊತ್ತಿದ್ದವನು ಗವಿಸಿದ್ದೇಶ ಒಬ್ಬನೇ. ಆಗ ಪೆಟ್ರೋಲ್ ಜೀಪುಗಳಲ್ಲಿ ಅರ್ಧಕ್ಕರ್ಧ ಓಡುತ್ತಿದ್ದದ್ದು ಸೀಮೆಎಣ್ಣೆಯಲ್ಲಿ. ಎರಡು ಟ್ಯಾಂಕು, ನಡುವೆ ಎಣ್ಣೆ ಬದಲಿಸಲು ತಿರುವುವ ನಲ್ಲಿಯಂಥ ಒಂದು ಕಾಕ್. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಕಾದಮೇಲೆ ಕಾಕನ್ನು ಸೀಮೆಎಣ್ಣೆಗೆ ತಿರುವಬೇಕು. ಮನೆ ಮುಟ್ಟುವ ಮೊದಲು ಮತ್ತೆ ಪೆಟ್ರೋಲಿಗೆ ತಿರುವಿ ಸ್ವಲ್ಪ ಹೊತ್ತು ಓಡಿಸಿಯೇ ನಿಲ್ಲಿಸಬೇಕು. ಇಲ್ಲದಿದ್ದರೆ ಎಂಜಿನ್ನಿಗೆ ಎಣ್ಣೆ ಉಣಿಸುವ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಬೆಳಿಗ್ಗೆ ತಣ್ಣಗಿನ ಎಂಜಿನ್ ದೇವರು ಬಂದು ನೂಕಿದರೂ ಹತ್ತುವುದಿಲ್ಲ. ಹಿಂದಿನ ಸಂಜೆ ಹರಪನಹಳ್ಳಿಯಿಂದ ಜೀಪು ತಂದವನು ಗವಿಸಿದ್ದೇಶ. ಹಸಿವಾಗಿತ್ತು, ಕಾಕ್ ತಿರುವುವುದನ್ನು ಮರೆತ.

ಮರೆವಿಗೆ ಕ್ಷಮೆ ಇದ್ದೀತು. ಆದರೆ ಬೆಳಿಗ್ಗೆ ಬಾಗಿಲ ಪಕ್ಕದಿಂದ ನೂಕುವಾಗ ಅವನ ಕಣ್ಣು ಕಾಕಿನ ಮೇಲೆ ಬಿತ್ತು. ಆಗಲೇ ಬಾಯಿ ಬಿಟ್ಟಿದ್ದರೆ, ಕಾರ್ಬುರೇಟರಿನ ಸ್ಕ್ರೂ ಬಿಚ್ಚಿ ಸೀಮೆಎಣ್ಣೆ ಚೆಲ್ಲಿ ಪೆಟ್ರೋಲ್ ಹಾಕುವುದು ಅಣ್ಣನಿಗೆ ಐದು ನಿಮಿಷದ ಕೆಲಸ. ಗವಿಸಿದ್ದೇಶ ಬಾಯಿ ಬಿಡಲಿಲ್ಲ. ಅಣ್ಣ ಬೈದಾನೆಂದು ಹೆದರಿ, ಕೈ ಚಾಚಿ ಕಾಕನ್ನು ಸದ್ದಿಲ್ಲದೆ ಪೆಟ್ರೋಲಿನ ಕಡೆ ತಿರುವಿದ, ಮತ್ತೆ ನೂಕತೊಡಗಿದ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ ಹಿರಿಯರು. ಆಡದೆ ಉಳಿದ ಮಾತಿನಿಂದ ಏನೇನು ಹೋಗುತ್ತದೆ ಎಂಬುದನ್ನು ಅವರು ಯಾಕೋ ಹೇಳಿಹೋಗಲಿಲ್ಲ.

ದಾದಾಪೀರ್ ಬಾನೆಟ್ ಎತ್ತಿದ. ಕಾರ್ಬುರೇಟರನ್ನು ಬಿಚ್ಚಿ ಅದರ ಬಟ್ಟಲನ್ನು ಅಂಗೈ ಮೇಲೆ ಇಟ್ಟುಕೊಂಡ. ಪೆಟ್ರೋಲ್ ಆಗಿದ್ದರೆ ನಾಲ್ಕು ವರ್ಷದಲ್ಲಿ ಆರಿ ಅಂಟು ಅಂಟಾಗಿರಬೇಕಿತ್ತು. ಬಟ್ಟಲ ತಳದಲ್ಲಿ ಇನ್ನೂ ಜಿಡ್ಡು ಇತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದ, ಸೀಮೆಎಣ್ಣೆ. ಬಗ್ಗಿ ಕಾಕ್ ನೋಡಿದ. ಅದು ಪೆಟ್ರೋಲಿನ ಕಡೆ ಇತ್ತು. ತಲೆ ಎತ್ತಿ ಅಣ್ಣತಮ್ಮಂದಿರಿಬ್ಬರ ಮುಖ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಗವಿಸಿದ್ದೇಶನ ಕಣ್ಣು ನೆಲಕ್ಕೆ ಇಳಿಯಿತು.

ಮೇಸ್ತ್ರಿ ಮೂವತ್ತು ವರ್ಷದಿಂದ ವಾಹನಗಳ ಜೊತೆಗೆ ಅವುಗಳ ಯಜಮಾನರನ್ನೂ ಬಿಚ್ಚಿ ನೋಡಿದವನು. ಬಟ್ಟಲನ್ನು ಬಟ್ಟೆಯಿಂದ ನಿಧಾನವಾಗಿ ಒರೆಸಿ ಒಣಗಿಸಿದ. ಆಮೇಲೆ ಪೆಟ್ರೋಲ್ ಪಂಪನ್ನು ತಟ್ಟಿ ತೋರಿಸಿದ.

"ಪಂಪಿನ ಒಳಗಿನ ರಬ್ಬರು ಹರದೈತ್ರಿ ಸೋಮಣ್ಣ. ಚೋಕ್ ಎಳದ್ರೂ ಅಷ್ಟ, ಬಿಟ್ರೂ ಅಷ್ಟ. ಯಾರ ಕೈಯಾಗೂ ಇದ್ದಿಲ್ಲ ಅದು."

"ಖರೇನ?"

"ಖರೇನರಿ. ನೀವು ಏನೂ ತಪ್ಪು ಮಾಡಿಲ್ಲ."

ಸೋಮಶೇಖರ ಬಂಪರಿನ ಮೇಲೆ ಕೂತು ಟವಲಿನಿಂದ ಮುಖ ಮುಚ್ಚಿಕೊಂಡ. ಹೆಂಡತಿ ಸತ್ತ ದಿನವೂ ಅಳದವನು ಬಿಕ್ಕಿ ಬಿಕ್ಕಿ ಅತ್ತ. ದಾದಾಪೀರ್ ಬೇರೆ ಕಡೆ ನೋಡುತ್ತ ನಿಂತ.

ಗವಿಸಿದ್ದೇಶನಿಗೆ ಬಿಡುಗಡೆ ಅಲ್ಲಿಯೇ ಇತ್ತು. ಸುಮ್ಮನಿದ್ದರೆ ಸಾಕು. ಅಣ್ಣನ ಎದೆ ಹಗುರಾಗಿತ್ತು, ತನ್ನ ಮಾತಿನಿಂದ ಯಾರಿಗೂ ಉಪಯೋಗವಿರಲಿಲ್ಲ. ಆದರೆ ಅಳು ನಿಂತಮೇಲೆ ಅಣ್ಣ ಮುಖ ಒರೆಸಿಕೊಂಡು ಅವನ ಕಡೆ ತಿರುಗಿ, "ನೀ ಪಾಪ ಎಷ್ಟು ನೂಕಿದ್ಯೋ ಅವತ್ತು, ಅಂಗೈ ಸುಲದು ರಕ್ತ ಬಂದಿತ್ತು" ಎಂದ. ಆ ಕನಿಕರವನ್ನು ಮಾತ್ರ ಗವಿಸಿದ್ದೇಶನಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಪಂಪ್ ಅಲ್ಲ," ಎಂದ. ದಾದಾಪೀರ್ ಬೇಡವೆಂಬಂತೆ ತಲೆ ಅಲ್ಲಾಡಿಸಿದ್ದು ಕಂಡಿತು. "ಹಿಂದಿನ ದಿನ ನಾನು ಸೀಮೆಣ್ಣಿ ಮ್ಯಾಲ ಬಂದ್ ಮಾಡಿದ್ದೆ. ಮರತಿದ್ದೆ. ಮುಂಜಾನಿ ನೂಕೋವಾಗ ಕಾಕ್ ನೋಡಿದೆ. ನಿನಗ ಹೇಳಲಿಲ್ಲ. ಸುಮ್ಕ ತಿರುವಿದೆ."

ಸೋಮಶೇಖರ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಬಟ್ಟಲು ಒರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕಣ್ಣು ತಪ್ಪಿಸಿದ. ಅದೇ ಸಾಕ್ಷಿಯಾಯಿತು. ಸೋಮಶೇಖರ ತಮ್ಮನ ಕಡೆ ತಿರುಗಿದ. ದನಿ ಏರಲಿಲ್ಲ.

"ಮರತದ್ದು ಇರಲಿ. ಮರವು ನನಗೂ ಐತಿ. ಆದ್ರ ಆಕಿ ಹಿಂದ ಕುಂತು, ಗವಿ ಏನಾಗೈತೋ ನೋಡೋ, ಅಂತ ನಿನ್ನ ಕೇಳಿದ್ಲು. ನನ್ನ ಕೇಳಲಿಲ್ಲ, ನನಗ ಗಾಬ್ರಿ ಅಂತ ಆಕಿಗೆ ಗೊತ್ತಿತ್ತು. ನಿನ್ನ ಕೇಳಿದ್ಲು. ಅಷ್ಟೊತ್ತಿಗೆ ಕಾಕ್ ನೋಡಿದ್ದೇನು?"

ಗವಿಸಿದ್ದೇಶನಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ನೋಡಿದ್ದೆ," ಎಂದ.

ಸೋಮಶೇಖರ ಬೈಯಲಿಲ್ಲ, ಹೊಡೆಯಲಿಲ್ಲ. ಸರಪಳಿ ಬಿಗಿಯಿರಿ ಎಂದು ಮೇಸ್ತ್ರಿಗೆ ಹೇಳಿದ. ಎಳೆದೊಯ್ಯುವ ಜೀಪಿನ ಸ್ಟೇರಿಂಗಿಗೆ ಒಬ್ಬರು ಬೇಕಲ್ಲ ಎಂದು ದಾದಾಪೀರ್ ಅತ್ತಿತ್ತ ನೋಡುತ್ತಿರುವಾಗ, "ನಾನ ಬರ್ತೀನಿ ಕೊಟ್ಟೂರಿನ ತನಕ" ಎಂದು ತಾನೇ ಹತ್ತಿ ಕೂತ. ನಾಲ್ಕು ವರ್ಷದ ಮೇಲೆ ಮೊದಲ ಸಲ ಸ್ಟೇರಿಂಗ್ ಹಿಡಿದ. ಟ್ರ್ಯಾಕ್ಟರು ಎಳೆಯಿತು, ಜೀಪು ಓಣಿಗೆ ಇಳಿಯಿತು. ಅಣ್ಣನ ಮೇಲಿದ್ದ ಭಾರ ಇಳಿದದ್ದು ಗವಿಸಿದ್ದೇಶನಿಗೆ ಕಣ್ಣಾರೆ ಕಂಡಿತು, ಅದಕ್ಕೆ ಸಂತೋಷವೂ ಆಯಿತು. ಆದರೆ ಪಕ್ಕದ ಸೀಟು ಖಾಲಿ ಇದ್ದರೂ ಅಣ್ಣ ಅವನನ್ನು ಬಾ ಎನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಅಣ್ಣ ಕರೆಯುವಂಥ ತಮ್ಮನಾಗಿ ತಾನು ಉಳಿದಿಲ್ಲ ಎಂಬುದು ತಿಳಿದು ಗವಿಸಿದ್ದೇಶ ಅಲ್ಲಿಯೇ ನಿಂತ.